ಗೋರಂಟಿಗೆ ಬೆರೆಸಿದ ಎರಡು ಚಮಚ

ಸವಿತಾ, ನಿನ್ನ ತಲೆಕೂದಲು ಉದುರಿದ್ದು ನಿಮ್ಮಜ್ಜಿಯ ಎಣ್ಣೆಯಿಂದಲ್ಲ, ನನ್ನಿಂದ. ಇದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡೆ. ನಾನು ಬಾಯಿಬಡುಕಿ ಎಂದು ಬೀದಿಗೆಲ್ಲ ಗೊತ್ತು. ಬೇಕಾದ ಹೊತ್ತಿಗೆ ಮಾತ್ರ ಮಾತು ಬರಲಿಲ್ಲ.

ನಿನ್ನ ಮದುವೆಗೆ ಮೂರು ದಿನ ಮುಂಚೆ ನೀನು ಚನ್ನರಾಯಪಟ್ಟಣದ ನನ್ನ ಪಾರ್ಲರಿಗೆ ಬಂದಿದ್ದೆ. "ಅಕ್ಕಾ, ತಲೆಗೆ ಬರೀ ಗೋರಂಟಿ ಸಾಕು. ಓದ್ಸಲ ಕೈಗೆ ಕಪ್ಪು ಡಿಸೈನ್ ಬಿಡಿಸ್ಕಂಡಿದ್ದಕ್ಕೇ ಗುಳ್ಳೆ ಎದ್ದು ತುರಿಸ್ಬುಟ್ಟಿತ್ತು" ಅಂದೆ.

ನಾನು ನಕ್ಕೆ. "ಮದ್ವೆ ಗುಂಗಲ್ಲಿ ಎಲ್ರಿಗೂ ಇಂಗೇ ಇಲ್ಲದ ಭಯ ಕಣಮ್ಮ" ಎಂದು ಗೇಲಿ ಬೇರೆ ಮಾಡಿದೆ.

ನಿನ್ನ ಕಿವಿಯ ಮೇಲೆ ಬಾಲನೆರೆಯ ನಾಲ್ಕಾರು ಬಿಳಿ ಕೂದಲಿದ್ದವು. ಬರೀ ಗೋರಂಟಿ ಹಚ್ಚಿದರೆ ಅವು ಕೆಂಪಗೆ ಎದ್ದು ಕಾಣುತ್ತವೆ, ಫೋಟೋ ನೋಡಿದವರು ನನ್ನ ಕೆಲಸವನ್ನು ಆಡಿಕೊಳ್ಳುತ್ತಾರೆ. ಅದಕ್ಕೇ ನೀನು ಮೊಬೈಲ್ ನೋಡುತ್ತಿದ್ದಾಗ ಬಟ್ಟಲಿಗೆ ಎರಡು ಚಮಚ ಕಪ್ಪು ಡೈ ಪುಡಿ ಬೆರೆಸಿದೆ. ಕೈಯ ಕಪ್ಪು ಡಿಸೈನಿಗೂ ಇಂಥದ್ದನ್ನೇ ಬೆರೆಸಿರುತ್ತಾರೆ. ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ನೋಡಬೇಕೆಂದು ಪೊಟ್ಟಣದ ಮೇಲೇ ಬರೆದಿತ್ತು. ಈ ಕಸುಬಿನಲ್ಲಿ ಅದನ್ನು ಯಾರು ಕಾಯುತ್ತಾರೆ, ಎಲ್ಲರೂ ಹೀಗೇ — ಅಲ್ಲ, ಬೇರೆಯವರ ಮಾತು ಯಾಕೆ. ನಾನು ಬೆರೆಸಿದೆ.

ಮಾರನೆಯ ದಿನ ಎಣ್ಣೆ ಶಾಸ್ತ್ರ. ನುಗ್ಗೇಹಳ್ಳಿಯ ನಿಮ್ಮಜ್ಜಿ ಒಂದೆಲಗ, ಕರಿಬೇವು ಹಾಕಿ ಕಾಸಿ ತಂದ ಕೊಬ್ಬರಿ ಎಣ್ಣೆಯನ್ನು ನಿನ್ನ ನೆತ್ತಿಗೆ ಇಟ್ಟರು. ಮುಹೂರ್ತದ ಹೊತ್ತಿಗೆ ನಿನ್ನ ಹಣೆ ಊದಿ, ಕಣ್ಣು ಅರ್ಧ ಮುಚ್ಚಿ, ಕಿವಿಯ ಹಿಂದೆ ನೀರು ಒಸರುತ್ತಿತ್ತು. ಹೊಳೆನರಸೀಪುರದ ಛತ್ರದಲ್ಲಿ, ನಿನಗೆ ಅಲಂಕಾರ ಮಾಡುತ್ತಿದ್ದ ಕೋಣೆಯಲ್ಲಿ, ನಿಮ್ಮಮ್ಮ ನನ್ನ ಕೈ ಹಿಡಿದುಕೊಂಡರು.

"ನೀನೇನಾರ ಆಕಿದ್ದೇನವ್ವ? ಇದ್ದಿದ್ದು ಇದ್ದಂಗೆ ಏಳು."

"ಬರೀ ಗೋರಂಟಿ ಕಣಕ್ಕ. ಎಣ್ಣೆ ಒಗ್ಗಿಲ್ವೇನೋ."

ಅಷ್ಟೇ ನಾನು ಅಂದದ್ದು. ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ಅದು ಕೇಳಿಸಿತು. ಉಳಿದದ್ದನ್ನು ನೆಂಟರು ಪೂರೈಸಿದರು — ಗಂಡ ಸತ್ತವಳ ಕೈಯ ಎಣ್ಣೆ, ಅದಕ್ಕೇ ಹೀಗಾಯಿತು ಎಂದು. ನಾನು ನಿನ್ನ ಜಡೆಗೆ ಹೂವು ಮುಡಿಸುತ್ತಿದ್ದೆ.

ಹಾಸನದ ಚರ್ಮದ ಡಾಕ್ಟರು "ಡೈ ಹಾಕಿದ್ರಾ?" ಎಂದು ಎರಡೆರಡು ಸಲ ಕೇಳಿದರಂತೆ. ನನ್ನನ್ನು ನಂಬಿ ನೀನು ಇಲ್ಲ ಅಂದೆ. ಬಾಚಣಿಗೆಗೆ ಹಿಡಿ ಹಿಡಿ ಕೂದಲು ಬಂತು. ಹೊಸ ಸೊಸೆ, ತಿಂಗಳುಗಟ್ಟಲೆ ತಲೆಗೆ ಸೆರಗು ಹೊದ್ದೇ ಓಡಾಡಿದೆ. ಕೂದಲು ಮತ್ತೆ ಬೆಳೆಯಿತು, ನಿಜ. ಆದರೆ ಅಜ್ಜಿ ಅಂದಿನಿಂದ ಎಣ್ಣೆ ಕಾಸಿಲ್ಲ. ನಿನ್ನ ಮಗಳ ತಲೆಯನ್ನೂ ಮುಟ್ಟುವುದಿಲ್ಲವಂತೆ — ಇದನ್ನು ನೀನೇ ನನ್ನ ಕುರ್ಚಿಯಲ್ಲಿ ಕೂತು, ಹುಬ್ಬು ಮಾಡಿಸಿಕೊಳ್ಳುತ್ತಾ ಹೇಳಿದೆ. ನನ್ನ ಹಲ್ಲಲ್ಲಿ ಕಚ್ಚಿದ್ದ ದಾರ ಕಿತ್ತುಹೋಯಿತು. ದಾರ ಹಳೇದು ಅಂದೆ.

ಇವತ್ತು ಬೆಳಿಗ್ಗೆ ನಿನ್ನ ಮೆಸೇಜ್ ಬಂದಿದೆ: "ಅಕ್ಕಾ, ಬಿಳಿ ಕೂದ್ಲು ಜಾಸ್ತಿ ಆಗವೆ. ನಾಳೆ ಬತ್ತೀನಿ, ಡೈ ಆಕ್ಬುಡಿ."

ತಪ್ಪು ಎಣ್ಣೆಯದೆಂದೇ ನೀನು ಇನ್ನೂ ನಂಬಿದ್ದೀಯ. ಒಮ್ಮೆ ಒಗ್ಗದ್ದನ್ನು ಮೈ ಮರೆಯುವುದಿಲ್ಲ. ಮತ್ತೆ ಸೋಕಿದರೆ ಇನ್ನೂ ಜೋರಾಗಿ ತಿರುಗಿ ಬೀಳಬಹುದು. ಪುಡಿ ಮುಗಿದಿದೆ ಅಂದುಬಿಟ್ಟರೆ ನಾನು ಬಚಾವ್ — ನೀನು ಪಕ್ಕದ ಪಾರ್ಲರಿಗೆ ಹೋಗುತ್ತೀಯ. ಆ ಸುಳ್ಳನ್ನೂ ಟೈಪ್ ಮಾಡಿದ್ದೆ, ಸವಿತಾ. ಆಮೇಲೆ ಅಳಿಸಿದೆ.

ಡೈ ಹಾಕಿಸಿಕೊಳ್ಳಬೇಡ, ಯಾರ ಕೈಯಿಂದಲೂ. ಡಾಕ್ಟರಿಗೆ ನಡೆದದ್ದೆಲ್ಲ ಹೇಳು, ನನ್ನ ಹೆಸರನ್ನೂ ಹೇಳು. ನೀನು ಇದನ್ನು ಓದುವ ಹೊತ್ತಿಗೆ ನಾನು ನುಗ್ಗೇಹಳ್ಳಿಯ ಬಸ್ಸಿನಲ್ಲಿರುತ್ತೇನೆ. ಅಜ್ಜಿಗೆ ಓದು ಬರುವುದಿಲ್ಲ. ಅವರಿಗೆ ಇದನ್ನು ಬಾಯಿಬಿಟ್ಟೇ ಹೇಳಬೇಕು — ಅಂದು ಛತ್ರದಲ್ಲಿ ಸುಳ್ಳು ಹೇಳಿದಷ್ಟೇ ಗಟ್ಟಿಯಾಗಿ, ನಾಲ್ಕು ಜನರಿಗೆ ಕೇಳಿಸುವ ಹಾಗೆ.