ದಪ್ಪಕ್ಷರದ ನಿಂಗರಾಜು

ತಮಿಳುನಾಡಿನ ಗಡಿಯೂರು ತಾಳವಾಡಿಯಲ್ಲಿ ಬೋರ್ಡು ಬರೆಯುವ ನಿಂಗರಾಜುವಿಗೆ ಸಣ್ಣಕ್ಷರ ಬರೆಯಲು ಬರುವುದಿಲ್ಲ. ಅವನ ಅಕ್ಷರಗಳು ಒಂದಕ್ಕೊಂದು ತೆಕ್ಕೆ ಹಾಕಿಕೊಂಡು ಓಡುತ್ತವೆ, ಒಂದೊಂದೂ ಹಬ್ಬದೂಟ ಮುಗಿಸಿ ಎದ್ದಂತಿರುತ್ತದೆ. ಕನ್ನಡವಾಗಲಿ ತಮಿಳಾಗಲಿ, ದಪ್ಪ ಒಂದೇ. ಟೀ ಮಾರುವ ರಾಚಪ್ಪನ ಗೋಡೆಯಲ್ಲಿ 'ಟೀ' ಮಾತ್ರ ಹಿಡಿಸಿತು, 'ಅಂಗಡಿ' ಪಕ್ಕದ ಟೈಲರ್ ಗೋಡೆಗೆ ಹೋಯಿತು. ರಾಚಪ್ಪ ಗೊಣಗಿದರೆ, "ಅಕ್ಸರ ಅಂದ್ಮೇಲೆ ಮೈಕೈ ತುಂಬ್ಕಂಡಿರ್ಬೇಕು ಕಣಣ್ಣ" ಎಂದ. ಎರಡು ಸಾವಿರದ ಆರರಲ್ಲಿ ಊರಿಗೆ ಫ್ಲೆಕ್ಸ್ ಬಂತು, ಅಂಗಡಿಯವರೆಲ್ಲ ಅತ್ತ ಹೋದರು. ನಿಂಗರಾಜು ಫ್ಲೆಕ್ಸಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿ, "ಪಾಪ, ಎಲ್ಲಕ್ಕೂ ಜರ ಬಂದಂಗದೆ" ಎಂದನಷ್ಟೆ. ಆ ವರ್ಷವೇ ಕಾಡಂಚಿನ ಜೀರಹಳ್ಳಿಯ ಕಾಲುದಾರಿಯಲ್ಲಿ, ಕೂಲಿಗೆ ಹೊರಟಿದ್ದ ಸುಧಾಮಣಿ ಎಂಬವಳು ಆನೆ ತುಳಿದು ತೀರಿಕೊಂಡಳು. ಮಾರನೆಯ ದಿನ ನಿಂಗರಾಜು ಯಾರೂ ಕರೆಯದೆ ಅಲ್ಲಿಗೆ ಹೋಗಿ, ದಾರಿಬದಿಯ ಬಂಡೆಯ ತುಂಬ ಕೆಂಪು ಬಣ್ಣದಲ್ಲಿ 'ಮುಂದೆ ಆನೆ' ಎಂದು ಆಳೆತ್ತರ ಬರೆದ. ವಾರ ಕಳೆದ ಮೇಲೆ ತಾಳಮಲೆಯ ಪುಟ್ಟಮಾದಮ್ಮ ಮಗಳ ಮನೆಗೆಂದು ಆ ದಾರಿ ಹಿಡಿದು ಬಂದವಳು, ಬಂಡೆಯನ್ನು ಕಂಡು ಹಿಂದಕ್ಕೆ ತಿರುಗಿದಳು. ಸ್ವಲ್ಪ ಹೊತ್ತಿಗೇ ಮೂರು ಆನೆಗಳು ಅಲ್ಲೇ ದಾರಿ ದಾಟಿದವೆಂದು ದನ ಕಾಯುವವರು ಹೇಳಿದರು. ಸುತ್ತು ಬಳಸಿ ಮಗಳ ಮನೆ ಸೇರಿದ ಅವಳನ್ನು ನಿಂಗರಾಜು ಹುಡುಕಿಕೊಂಡು ಹೋಗಿ, "ನಾ ಬರ್ದಿದ್ದ ಓದ್ದ್ಯಾ ಅವ್ವ?" ಎಂದು ಕೇಳಿದ. ಪುಟ್ಟಮಾದಮ್ಮ, "ನಂಗೆಲ್ಲಿ ಓದಕ್ ಬಂದದು ಮಗ? ಯಾರೋ ಅಷ್ಟು ಜೋರಾಗಿ ಕೂಗ್ತಾವ್ರಲ್ಲ ಅಂತ ಇಂದಕ್ ಬಂದ್ಬುಟ್ಟೆ" ಎಂದಳು.