ಏಳು ಬೆಟ್ಟದ ಸ್ವಾಮಿಗೆ ಒಂದು ಓಟು

ಕೇಳಿ ಸ್ನೇಹಿತರೇ, ಕಾರ್ಪೊರೇಷನ್ ಎಲೆಕ್ಷನ್‌ಗೆ ಯಶವಂತಪುರದಿಂದ ನಿಂತಿರುವ ನನ್ನ ಗತಿ ಇವತ್ತು ಹೀಗಾಯಿತು. ಹೆಂಗಸರ ಓಟು ಕೇಳಲು ಹೆಂಡತಿಯನ್ನು ಮನೆಮನೆಗೆ ಕಳಿಸಿದ್ದೆ. ಮೈಕು ಕಟ್ಟಿದ ಜಟಕಾದಿಂದಿಳಿದು ಬೀದಿಯ ಕೊನೆಯ ಮನೆಗೆ ನಾನೂ ಹೋದೆ.

ಅಲ್ಲಿ ಅಜ್ಜಿಯೊಬ್ಬರು ಅವಳನ್ನು ಕೇಳುತ್ತಿದ್ದರು, "ನಿಮ್ಮೆಜಮಾನ್ರ ಎಸ್ರೇನವ್ವಾ?"

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳೇ ನನ್ನವಳು? ಸೆರಗು ಸರಿಮಾಡಿಕೊಂಡು, "ಅದೇ, ಏಳು ಬೆಟ್ಟದ ಸ್ವಾಮಿ ಹೆಸ್ರು ಕಣಜ್ಜಿ" ಎಂದಳು.

"ಓ, ತಿಮ್ಮಪ್ಪಾನಾ! ಅವ್ನಿಗೇ ಆಕ್ತೀನಿ ಬುಡು."

ತಿಮ್ಮಪ್ಪ ನನ್ನ ಎದುರಾಳಿ! "ಅಜ್ಜಿ, ನಾನು ವೆಂಕಟರಮಣ!" ಎಂದು ಬಾಗಿಲಿನಿಂದಲೇ ಕೂಗಿದೆ.

"ಎಲ್ಡೂ ಒಬ್ನೇ ಸ್ವಾಮಿ ಎಸ್ರಲ್ವೇನಪ್ಪಾ? ಯಾರಿಗಾಕಿದ್ರೇನು!" ಎಂದು ಅಜ್ಜಿ ಕೈಮುಗಿದರು.

ಸ್ವಾಮಿ ಒಬ್ಬನೇ ಸರಿ. ಸೀಟೂ ಒಂದೇ ಅಲ್ಲವೇ?

ಹೊರಗೆ ಬಂದು ಹೆಂಡತಿಯನ್ನು ಕೇಳಿದೆ, "ಬೀದಿಯವರಿಗೆಲ್ಲಾ ಹೀಗೇ ಹೇಳಿದ್ಯಾ?"

"ಮತ್ತಿನ್ನೇನ್ರೀ? ಹೆಸ್ರು ಹೇಳಿದ್ರೆ ನಿಮ್ಮ ಆಯಸ್ಸು ಕಮ್ಮಿಯಾಗಲ್ವಾ?"

ಆಯಸ್ಸು ಗಟ್ಟಿಯಾಗಿದೆ ಮಹಾರಾಯರೇ. ಠೇವಣಿಯದೇ ಚಿಂತೆ.