ಅತ್ತೆಯ ಕೈಗೆ ಮಾತ್ರ ಗ್ಲೌಸು

ಜೇವರ್ಗಿಯಲ್ಲಿ ಗೆಳೆಯನ ಮನೆಯ ತೊಟ್ಟಿಲ ಕಾರ್ಯ. ಚಪ್ಪರದ ಬಾಗಿಲಲ್ಲಿ ಅವನ ಅಳಿಯ ಸ್ಯಾನಿಟೈಜರ್ ಸೀಸೆ ಹಿಡಿದು ನಿಂತಿದ್ದ. ಕೊರೊನಾ ಹೋದರೂ ಆ ಸೀಸೆ ನಮ್ಮನ್ನು ಬಿಟ್ಟಿಲ್ಲ. "ಕೈ ಚಾಚ್ರಿ ಮಾಸ್ತರ" ಎಂದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೈ ಹಿಂದಕ್ಕೆಳೆದುಕೊಂಡು "ಒಲ್ಲೆ!" ಎಂದೆ. ನನ್ನ ದನಿಗೆ ತೊಟ್ಟಿಲ ಕೂಸು ಬೆಚ್ಚಿ ಅತ್ತಿತು. ಸೀಸೆಯ ಮೇಲೆ ಸಿಟ್ಟಾಗುವ ವಿಜ್ಞಾನದ ಮಾಸ್ತರನನ್ನು ನೀವು ಕಂಡಿರಲಿಕ್ಕಿಲ್ಲ. ಆದರೆ ನನ್ನ ಹಿಂದೆ ಚಪ್ಪಲಿ ಬಿಡುತ್ತಿದ್ದವಳು ನನ್ನ ಸೋದರತ್ತೆ ಶಾಂತಾಬಾಯಿ. ಅವಳ ಕೈಯ ಕಥೆ ಕೇಳಿದರೆ ನಿಮಗೂ ಸಿಟ್ಟು ಬಂದೀತು.

ಅತ್ತೆ ನೆಲೋಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಜೊತೆಗೆ ಊರೊಳಗಿನ ಕಮಲಮ್ಮ. ನಮ್ಮದು ದಲಿತ ಬೌದ್ಧರ ಮನೆ, ಊರ ಹೊರಗಿನ ಓಣಿ. ಕೊರೊನಾ ಮುಗಿದು ಶಾಲೆ ತೆರೆದಾಗ ಶಾಲಾ ಸಮಿತಿಯ ಅಧ್ಯಕ್ಷ ಅತ್ತೆಗೆ ದಪ್ಪ ರಬ್ಬರಿನ ಗ್ಲೌಸು, ಕ್ರಿಮಿನಾಶಕದ ಬಾಟಲಿ ತಂದುಕೊಟ್ಟ.

"ತಾಸಿಗೊಮ್ಮೆ ಇದನ್ನ ನೀರಾಗ ಹಾಕಿ, ಕೈ ಅದ್ದಿ ಗ್ಲೌಸು ಹಾಕ್ಕೋಬೇಕು. ಕೈಯಾಗ ಕ್ರಿಮಿ ಇರ್ತಾವ, ಮಕ್ಕಳ ಆರೋಗ್ಯದ ಮಾತು."

"ಕಮಲಮ್ಮನ ಕೈಯಾಗ ಇರಂಗಿಲ್ಲೇನ್ರಿ?"

"ಆಕಿ ಮಾತು ಬ್ಯಾರೆ ಬಿಡು."

ಬೇರೆಯಂತೆ! ಕ್ರಿಮಿಗೆ ಓಣಿ ಯಾವುದೆಂದು ಗೊತ್ತಿರುತ್ತದೆಯೇ, ನೀವೇ ಹೇಳಿ. ನಿಮ್ಮ ಕೈ, ನನ್ನ ಕೈ, ಆ ಅಧ್ಯಕ್ಷನ ಉಂಗುರದ ಕೈ, ಎಲ್ಲದರ ಮೇಲೂ ಕಣ್ಣಿಗೆ ಕಾಣದ ಜೀವಿಗಳು ಸಂಸಾರ ಹೂಡಿವೆ. ಅವುಗಳಲ್ಲಿ ಬಹಳಷ್ಟು ನಮ್ಮ ಕಾವಲಿಗೇ ಇರುವಂಥವು. ತೊಗರಿ ದಟ್ಟವಾಗಿ ಬೆಳೆದ ಹೊಲದಲ್ಲಿ ಕಸಕ್ಕೆ ಜಾಗ ಸಿಗುವುದಿಲ್ಲವಲ್ಲ, ಹಾಗೆ ಅವು ಚರ್ಮದ ತುಂಬ ಇದ್ದರೆ ರೋಗ ತರುವವಕ್ಕೆ ನೆಲೆ ಸಿಗುವುದು ಕಷ್ಟ. ಅಡುಗೆಗೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆದರೆ ಸಾಕಿತ್ತು. ಅದನ್ನು ಅತ್ತೆ ಮೊದಲಿನಿಂದಲೂ ಮಾಡುತ್ತಿದ್ದಳು.

ಇಡೀ ದಿನ ಕ್ರಿಮಿನಾಶಕ, ಅದರ ಮೇಲೆ ಬೆವರು ತುಂಬಿದ ರಬ್ಬರು. ಮಳೆಗಾಲ ಮುಗಿಯುವುದರೊಳಗೆ ಅವಳ ಬೆರಳ ಸಂದಿಗಳು ಬೆಳ್ಳಗಾಗಿ, ಬಿರಿದು, ತುರಿಕೆ ಹತ್ತಿತು. ಆಗ ಅದೇ ಅಧ್ಯಕ್ಷ ಊರವರೆದುರು ಆ ಕೈ ತೋರಿಸಿದ. "ನೋಡ್ರಿ, ನಾ ಹೇಳಿದ್ದಿಲ್ಲೇನು? ಇಂಥ ಕೈಲೆ ಮಕ್ಕಳಿಗೆ ಉಣಸೂದ?"

ಅತ್ತೆಯ ಕೆಲಸ ಹೋಯಿತು. ಗಾಯ ಮಾಡಿದವರೇ ಗಾಯ ತೋರಿಸಿ ಹೊರಗೆ ಹಾಕಿದರು. ಈಗ ನೆನೆದರೂ ಮೈ ಉರಿಯುತ್ತದೆ.

ಜೇವರ್ಗಿಯ ಡಾಕ್ಟರಮ್ಮ ಮುಲಾಮು ಕೊಟ್ಟು, "ಗ್ಲೌಸು ಬಿಡ್ರಿ, ಆ ಔಷಧಿ ನೀರೂ ಬಿಡ್ರಿ. ಚರ್ಮ ಕಾಯೋ ಜೀವಿಗಳೇ ಸತ್ತು ಹೋಗ್ಯಾವ" ಎಂದರು. ಕೈ ವಾಸಿಯಾಯಿತು. ಹುರುಪಿನಿಂದ ನಾನು ಅಧ್ಯಕ್ಷನ ಮನೆಗೆ ಹೋಗಿ, ಹತ್ತನೇ ತರಗತಿಗೆ ಹೇಳುವಂತೆ ಚರ್ಮದ ಜೀವಿಗಳ ಪಾಠ ಮಾಡಿದೆ. ಅವನು ತಲೆದೂಗಿ ಕೇಳಿದ.

"ಖರೆ ಅದರಿ ಮಾಸ್ತರ, ಭಾಳ ಛಲೋ ಹೇಳಿದ್ರಿ. ಆದ್ರ ಆ ಜಾಗಾಕ್ಕ ಕಮಲಮ್ಮನ ತಂಗೀನ ಹಚ್ಚೇವಿ."

ಕೋಣದ ಮುಂದೆ ಕಿನ್ನರಿ ಬಾರಿಸಿದವನು ನಾನೇ, ಕೋಣವನ್ನೇನು ಬೈಯಲಿ? ಅವನಿಗೆ ತಿಳಿಯದೆ ಇದ್ದದ್ದು ವಿಜ್ಞಾನ ಎಂದುಕೊಂಡಿದ್ದೆ.

ಚಪ್ಪರದ ಬಾಗಿಲಲ್ಲಿ ಇದೆಲ್ಲ ಒಮ್ಮೆಲೇ ನುಗ್ಗಿ ಬಂತು. ಅಳಿಯ ಸೀಸೆ ಹಿಡಿದು ಪೆಚ್ಚಾಗಿ ನಿಂತಿದ್ದ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಎರಡೂ ಕೈ ಚಾಚಿದಳು.

"ಏ ಮಾಸ್ತರ, ಯಾಕ ಒದರಾಕತ್ತಿ? ಎಲ್ಲಾರ್ಗೂ ಹಾಕಾಕತ್ತಾನ. ನಮ್ಮ ಮುಂದ ಹೋದ ಸಾಹುಕಾರಗೂ ಹಾಕಿದ, ನಾ ನೋಡೀನಿ. ನೀನೂ ಹಾಕಿಸ್ಕೋ."

ನಾನೂ ಕೈ ಚಾಚಿದೆ. ನಾನು ಸೀಸೆಯ ಮೇಲೆ ರೇಗುತ್ತಿದ್ದಾಗ, ಅವಳು ಸಾಲಿನಲ್ಲಿ ಯಾರ ಕೈಗೆ ಬಿತ್ತು, ಯಾರ ಕೈಗೆ ಬೀಳಲಿಲ್ಲ ಎಂದು ನೋಡುತ್ತ ನಿಂತಿದ್ದಳು.